ವಿಕೇಂದ್ರಿತ ತಂತ್ರಜ್ಞಾನ ಮತ್ತು ಸಾಂಸ್ಥಿಕ ಭ್ರಷ್ಟಾಚಾರ

ವಿಕೇಂದ್ರಿತ ತಂತ್ರಜ್ಞಾನವೆಂದರೆ ಲೆಕ್ಕಪತ್ರ, ಹಣ, ಭೂದಾಖಲೆ, ವಿದ್ಯುತ್ತು, ಮಾಹಿತಿ ಇವುಗಳನ್ನು ಒಂದೇ ಕಚೇರಿಯ ಅಥವಾ ಒಂದೇ ಕಂಪನಿಯ ವಶಕ್ಕೆ ಬಿಡದೆ ಹಲವರ ಕೈಯಲ್ಲಿ ಹಂಚಿಟ್ಟು ನಡೆಸುವ ಏರ್ಪಾಡು. ಅಧಿಕಾರ ಒಂದೆಡೆ ಗುಡ್ಡೆಬಿದ್ದಲ್ಲಿ ಲಂಚ, ವಂಚನೆಗಳು ಬೆಳೆಯುತ್ತವೆ, ಆದ್ದರಿಂದ ಅಧಿಕಾರದ ಸಾಧನಗಳನ್ನೇ ಹಂಚಿಬಿಡಬೇಕು ಎಂಬುದು ಇದರ ಹಿಂದಿನ ತರ್ಕ. ಈ ತರ್ಕ ಜಗತ್ತಿನಲ್ಲಿ ಜೋರಾಗಿ ಕೇಳಿಬಂದದ್ದು 2008ರ ಹಣಕಾಸು ಕುಸಿತದ ಹೊತ್ತಿನಲ್ಲಿ. ಆ ವರ್ಷ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಪ್ರಬಂಧ ಹೊರಬಂತು. ನಡುವೆ ಬ್ಯಾಂಕಿಲ್ಲದೆ, ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕದ ಪ್ರತಿಗಳನ್ನು ಇಟ್ಟುಕೊಂಡು, ಒಂದನ್ನು ತಿದ್ದಿದರೆ ಉಳಿದವು ಒಪ್ಪದಂತೆ ಮಾಡುವ ಬ್ಲಾಕ್‌ಚೈನ್ ವಿಧಾನ ಅಲ್ಲಿಂದ ಪ್ರಸಿದ್ಧವಾಯಿತು. ಆದರೆ ಯಂತ್ರ ಹೊಸದಾದರೂ ಪ್ರಶ್ನೆ ಹಳೆಯದು. ಕರ್ನಾಟಕ ಕರಾವಳಿಯ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆ ಈ ಪ್ರಶ್ನೆಯನ್ನು ನೂರು ವರ್ಷಗಳಿಂದ ಬ್ಯಾಂಕಿನಲ್ಲಿ, ಜಮೀನಿನಲ್ಲಿ, ಗಣಿ ತನಿಖೆಯಲ್ಲಿ, ವಿದ್ಯುತ್ ಸ್ಥಾವರದಲ್ಲಿ ಎದುರಿಸಿದೆ. ಆ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಯಂತ್ರಗಳು ಊರೆಲ್ಲ ಹರಡಿದ ಮಾತ್ರಕ್ಕೆ ಭ್ರಷ್ಟಾಚಾರ ತಗ್ಗಿದ್ದಿಲ್ಲ. ನಷ್ಟಕ್ಕೆ ಒಳಗಾಗಬಹುದಾದವನ ಕೈಯಲ್ಲೇ ಲೆಕ್ಕದ ಒಂದು ಪ್ರತಿ ಇದ್ದು, ಅದನ್ನು ಅವನು ಓದಬಲ್ಲವನಾಗಿ, ತಪ್ಪಿದ್ದರೆ ಹೋಗಿ ಕೇಳುವ ಜಾಗ ಹತ್ತಿರದಲ್ಲಿದ್ದಾಗ ಅದು ತಗ್ಗಿದೆ.

ಮೊದಲ ನಿದರ್ಶನ ಬ್ಯಾಂಕಿನದು. 1906ರಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಅದೇ ಊರಿನಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಕೈಮಗ್ಗ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ಸಾಲ ಕೊಡುವುದು ಅದರ ಮೊದಲ ಉದ್ದೇಶ. 1928ರಲ್ಲಿ ಈ ಸಂಸ್ಥೆ ಹೂಡಿದ ಪಿಗ್ಮಿ ಠೇವಣಿಯನ್ನು ಸಾಮಾನ್ಯವಾಗಿ ಉಳಿತಾಯದ ಪಾಠವೆಂದು ಹೊಗಳುತ್ತಾರೆ. ಅದನ್ನು ಲೆಕ್ಕ ಇಡುವ ತಂತ್ರವಾಗಿ ನೋಡುವುದು ಹೆಚ್ಚು ಉಪಯುಕ್ತ. ಏಜೆಂಟ್ ದಿನವೂ ಅಂಗಡಿಗೆ, ಮನೆಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಾನೆ. ಕೊಟ್ಟದ್ದನ್ನು ಕೊಟ್ಟವರ ಎದುರಿಗೇ ಬರೆಯುತ್ತಾನೆ. ಒಂದು ಲೆಕ್ಕ ಠೇವಣಿದಾರನ ಪಾಸ್‌ಪುಸ್ತಕದಲ್ಲಿ, ಇನ್ನೊಂದು ಏಜೆಂಟನ ಪುಸ್ತಕದಲ್ಲಿ, ಮೂರನೆಯದು ಶಾಖೆಯ ಲೆಡ್ಜರಿನಲ್ಲಿ. ಮೂರರಲ್ಲಿ ಒಂದು ತಪ್ಪಿದರೆ ಉಳಿದೆರಡು ಸಾಕ್ಷಿ ಹೇಳುತ್ತವೆ. ಪಿಗ್ಮಿ ಏಜೆಂಟರು ಹಣ ನುಂಗಿದ ಪ್ರಕರಣಗಳು ಇಲ್ಲದಿಲ್ಲ. ಆದರೆ ಅಂಥ ವಂಚನೆ ಬಹುಕಾಲ ನಡೆಯಬೇಕಾದರೆ ಪಾಸ್‌ಪುಸ್ತಕವನ್ನೂ ಏಜೆಂಟನ ಬಳಿಯೇ ಬಿಟ್ಟಿರಬೇಕು, ಅಥವಾ ಶಾಖೆಗೆ ಹೋಗಿ ತಾಳೆ ನೋಡುವ ಗೋಜಿಗೆ ಯಾರೂ ಹೋಗದಿರಬೇಕು. ಇಂದು ಏಜೆಂಟನ ಕೈಯಲ್ಲಿ ಸಣ್ಣ ಯಂತ್ರವಿದೆ, ಚೀಟಿ ಮುದ್ರಣವಾಗಿ ಬರುತ್ತದೆ. ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುವ ಆ ಚೀಟಿಗಿಂತ ಶಾಯಿಯಲ್ಲಿ ಬರೆದ ಪುಟ ಸಾಕ್ಷ್ಯವಾಗಿ ಗಟ್ಟಿಯಾಗಿತ್ತು ಎಂದರೆ ಹಳತರ ಮೋಹವೆಂದು ತಳ್ಳಿಹಾಕಲಾಗದು.

ಅದೇ ಬ್ಯಾಂಕಿನ ಮುಂದಿನ ಕಥೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಪಡೆದು, ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ ಅದು 1969ರ ಜುಲೈ 19ರಂದು ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಸೇರಿತು. ರಾಷ್ಟ್ರೀಕರಣವನ್ನು ಕೇವಲ ಕೇಂದ್ರೀಕರಣವೆನ್ನುವುದು ಅರ್ಧಸತ್ಯ. ಒಡೆತನ ದೆಹಲಿಗೆ ಹೋಯಿತು, ಶಾಖೆಗಳು ಹಳ್ಳಿಗೆ ಬಂದವು. ಆದರೆ ದೊಡ್ಡ ಸಾಲಗಳ ತೀರ್ಮಾನ ಮೇಲಿನ ಕೆಲವೇ ಕೈಗಳಲ್ಲಿ ಉಳಿಯಿತು. 2014ರ ಆಗಸ್ಟ್‌ನಲ್ಲಿ ಬ್ಯಾಂಕಿನ ಅಂದಿನ ಅಧ್ಯಕ್ಷರನ್ನು ಸಿಬಿಐ ಬಂಧಿಸಿದ್ದು ಕಂಪನಿಗಳ ಸಾಲದ ಮಿತಿ ಏರಿಸಲು ಲಂಚ ಪಡೆದ ಆರೋಪದ ಮೇಲೆ. ನ್ಯಾಯಾಲಯದಲ್ಲಿ ಆ ಆರೋಪದ ಗತಿ ಏನಾದರೂ ಆಗಲಿ, ಆರೋಪ ಹುಟ್ಟಿದ ಜಾಗವನ್ನು ಗಮನಿಸಬೇಕು. ದಿನದ ಹತ್ತು ರೂಪಾಯಿಗೆ ಮೂರು ಪುಸ್ತಕ ಇಟ್ಟ ಸಂಸ್ಥೆಯಲ್ಲಿ ನೂರಾರು ಕೋಟಿಯ ಸಾಲಕ್ಕೆ ಹೊರಗಿನವರು ಓದಬಲ್ಲ ಪುಸ್ತಕವೇ ಇರಲಿಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹಳೆಯ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಹೆಸರು ಉಳಿಸಿಕೊಂಡದ್ದು ಕೆನರಾ ಒಂದೇ.

ಎರಡನೆಯ ನಿದರ್ಶನ ಭೂದಾಖಲೆ, ಮತ್ತು ಇದು ವಿಕೇಂದ್ರೀಕರಣದ ಪರ ವಾದಿಸುವವರಿಗೆ ಕಷ್ಟದ ನಿದರ್ಶನ. ಕರ್ನಾಟಕದಲ್ಲಿ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಹಂಚಿಹೋಗಿದ್ದವು. ಇದಕ್ಕಿಂತ ವಿಕೇಂದ್ರಿತವಾದ ವ್ಯವಸ್ಥೆ ಬೇರೊಂದಿಲ್ಲ. ಲಂಚವೂ ಅಷ್ಟೇ ವಿಕೇಂದ್ರಿತವಾಗಿತ್ತು. ಕಡತ ಗ್ರಾಮಲೆಕ್ಕಿಗರ ಮನೆಯ ಪೆಟ್ಟಿಗೆಯಲ್ಲಿ, ರೈತ ಅವರ ಜಗಲಿಯಲ್ಲಿ. ಖಾತೆ ಬದಲಾವಣೆಗೆ ಎಷ್ಟು ದಿನ ಎಂಬುದು ಅವರ ಮರ್ಜಿ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡತೊಡಗಿತು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕಾಯಿತು, ತಿದ್ದಿದ ಅಧಿಕಾರಿ ಬೆರಳಚ್ಚು ಒತ್ತಬೇಕಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನ 2002ರ ಅಧ್ಯಯನದಲ್ಲಿ, ಹಳೆಯ ಪದ್ಧತಿಯಲ್ಲಿ ಸುಮಾರು ಮೂವರಲ್ಲಿ ಇಬ್ಬರು ಲಂಚ ಕೊಟ್ಟಿದ್ದಾಗಿ ಹೇಳಿದರೆ ಭೂಮಿ ಕೇಂದ್ರಗಳಲ್ಲಿ ಹಾಗೆಂದವರು ನೂರಕ್ಕೆ ಮೂವರು. ಅಂದರೆ ಇಲ್ಲಿ ಗೆದ್ದದ್ದು ಕೇಂದ್ರೀಕರಣ.

ಇದಕ್ಕೆ ಉತ್ತರವನ್ನು ಎರಡು ಹಂತದಲ್ಲಿ ಕೊಡಬೇಕು. ಗ್ರಾಮಲೆಕ್ಕಿಗರ ಕಾಲದಲ್ಲಿ ದಾಖಲೆಗಳು 9,000 ಕಡೆ ಹಂಚಿದ್ದವು ನಿಜ, ಆದರೆ ಒಬ್ಬೊಬ್ಬ ರೈತನ ದಾಖಲೆ ಇದ್ದದ್ದು ಒಂದೇ ಕೈಯಲ್ಲಿ. ಹರಡಿಕೊಂಡಿದ್ದ ಏಕಸ್ವಾಮ್ಯ ಅದು. ಭೂಮಿ ಯೋಜನೆ ಆ ಏಕಸ್ವಾಮ್ಯವನ್ನು ಒಡೆದದ್ದು ಪಹಣಿಯ ಪ್ರತಿಯನ್ನು ಯಾರು ಕೇಳಿದರೂ ಕೊಟ್ಟದ್ದರಿಂದ. ಎರಡನೆಯದಾಗಿ, ಗೆಲುವು ಪ್ರತಿ ಕೊಡುವ ಕಿಟಕಿಯಲ್ಲಿ ಇದ್ದಷ್ಟು ತಿದ್ದುಪಡಿಯ ಮೇಜಿನಲ್ಲಿ ಇರಲಿಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರು ಸುತ್ತಲಿನ ಜಮೀನುಗಳನ್ನು ಅಧ್ಯಯನ ಮಾಡಿ, ದಾಖಲೆ ತಾಲ್ಲೂಕಿಗೆ ಏರಿದ ಮೇಲೆ ಲಂಚವೂ ಅಲ್ಲಿಗೆ ಏರಿತು, ದೊಡ್ಡ ಜಮೀನು ಕೊಳ್ಳುವವರಿಗೆ ಅದರಿಂದ ಅನುಕೂಲವಾಯಿತು ಎಂದು ವಾದಿಸಿದರು. ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ವರ್ಗ (ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗ ಕುಮ್ಕಿ. ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರನಿಗೆ, ಒಡೆತನ ಸರ್ಕಾರಕ್ಕೆ. ನೆರೆಹೊರೆಯವರ ನೆನಪು, ಹಳೆಯ ಅಡಂಗಲ್ಲು, ಬೇಲಿಯ ಗುರುತು ಇವುಗಳ ಮೇಲೆ ನಿಂತ ಇಂಥ ಹಕ್ಕು ಮಾಲೀಕನ ಹೆಸರು ಕೇಳುವ ಅಂಕಣದಲ್ಲಿ ಸಲೀಸಾಗಿ ಕೂರುವುದಿಲ್ಲ. ಕಾರ್ಕಳದ ಘಟ್ಟದಂಚಿನ ರೈತನಿಗೆ ಪಹಣಿಯ ಪ್ರತಿ ಕ್ಷಣದಲ್ಲಿ ಸಿಗುತ್ತದೆ. ಅದರಲ್ಲಿ ಒಂದು ಸೆಂಟ್‌ನಷ್ಟು ತಪ್ಪಾಗಿದ್ದರೆ ಸರಿಪಡಿಸಲು ಸರ್ವೆ, ತಹಶೀಲ್ದಾರ್, ಉಪವಿಭಾಗ ಎಂದು ಅಲೆಯಬೇಕು. ಓದುವ ಹಕ್ಕು ಕೆಳಗಿಳಿದಿದೆ, ತಿದ್ದಿಸುವ ಹಕ್ಕು ಮೇಲೇರಿದೆ.

ಮೂರನೆಯ ನಿದರ್ಶನದಲ್ಲಿ ಕಾರ್ಕಳ ತಾಲ್ಲೂಕಿನ ತಂದೆ–ಮಗ ಬರುತ್ತಾರೆ. ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಅಳಿಸುವಂತಿಲ್ಲ ಎಂದ ಬಹುಮತದಲ್ಲಿದ್ದರು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಮರುದಿನವೇ ಹೆಗ್ಡೆಯವರೂ ಸೇರಿ ಮೂವರು ಹಿರಿಯರನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಮೂವರೂ ರಾಜೀನಾಮೆ ಕೊಟ್ಟರು. ನೇಮಿಸುವ ಕೈ ಒಂದೇ ಆದರೆ ನ್ಯಾಯಪೀಠಕ್ಕೂ ಅದರ ಬಿಸಿ ತಟ್ಟುತ್ತದೆ ಎಂಬುದನ್ನು ಇಷ್ಟು ಬೆತ್ತಲಾಗಿ ತೋರಿದ ಘಟನೆ ನಮ್ಮಲ್ಲಿ ಕಡಿಮೆ. ಮಗ ಎನ್. ಸಂತೋಷ್ ಹೆಗ್ಡೆ 2006ರಿಂದ 2011ರವರೆಗೆ ಕರ್ನಾಟಕದ ಲೋಕಾಯುಕ್ತರಾಗಿದ್ದರು. 2011ರ ಜುಲೈನಲ್ಲಿ ಅವರು ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿ 2006ರಿಂದ 2010ರ ನಡುವೆ ಸುಮಾರು 3 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಎಂದಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಈ ವರದಿಯನ್ನು ಒಬ್ಬ ಗಟ್ಟಿ ಮನುಷ್ಯನ ಸಾಹಸವೆಂದು ಓದುವುದು ವಾಡಿಕೆ. ವಿಧಾನವನ್ನು ನೋಡಿದರೆ ಬೇರೆಯೇ ಸಂಗತಿ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ ಇಲಾಖೆಯ ಪರವಾನಗಿ, ಅರಣ್ಯ ಇಲಾಖೆಯ ರಹದಾರಿ, ರೈಲು ಮತ್ತು ಲಾರಿ ಸಾಗಾಟದ ಲೆಕ್ಕ, ಬಂದರಿನ ಮತ್ತು ಸುಂಕದ ದಾಖಲೆ ಇವುಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿತು. ಹಡಗು ಏರಿದ ಅದಿರು ಪರವಾನಗಿ ಪಡೆದ ಅದಿರಿಗಿಂತ ಹೆಚ್ಚಿತ್ತು. ಗಣಿಯ ಕಡೆಯ ಕಾಗದವನ್ನು ಕೊಂಡುಕೊಂಡವರು ಬಂದರಿನ ಕಾಗದವನ್ನೂ ಕೊಳ್ಳಲಾಗಲಿಲ್ಲ, ಏಕೆಂದರೆ ಅದು ಬೇರೆ ಇಲಾಖೆಯದು, ಬೇರೆ ಕಾರಣಕ್ಕೆ ಬರೆದದ್ದು. ಒಂದೇ ‘ಏಕಗವಾಕ್ಷಿ’ ತಂತ್ರಾಂಶದಲ್ಲಿ ಒಬ್ಬನೇ ನಿರ್ವಾಹಕನ ಪಾಸ್‌ವರ್ಡಿನಡಿ ಇವೆಲ್ಲ ಇದ್ದಿದ್ದರೆ ಪತ್ತೆಕಾರ್ಯ ಸುಲಭವಾಗುತ್ತಿತ್ತು, ಮುಚ್ಚಿಹಾಕುವುದೂ ಸುಲಭವಾಗುತ್ತಿತ್ತು.

ಲೋಕಾಯುಕ್ತದ ಮುಂದಿನ ದಿನಗಳೂ ಈ ವಾದಕ್ಕೆ ಸೇರುತ್ತವೆ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಸುಲಿಗೆ ನಡೆಯುತ್ತಿದೆ ಎಂಬ ಆರೋಪ ಎದ್ದು, ಅಂದಿನ ಲೋಕಾಯುಕ್ತರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಬೇಲಿಯೇ ಹೊಲ ಮೇಯ್ದ ಸುದ್ದಿ ಮನೆಮಾತಾಯಿತು. 2016ರಲ್ಲಿ ಸರ್ಕಾರ ತನ್ನ ಅಧೀನದಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಮಾಡಿತು. ಕಾವಲಿನ ಅಧಿಕಾರವೂ ಒಂದೆಡೆ ಕೂಡಿದರೆ ಅದನ್ನು ಹಿಡಿದುಕೊಳ್ಳುವುದೋ ಮುರಿಯುವುದೋ ಒಂದೇ ಆದೇಶದ ಕೆಲಸ. ಇದಕ್ಕೆ ಹೋಲಿಸಿದರೆ 2005ರ ಮಾಹಿತಿ ಹಕ್ಕು ಕಾಯಿದೆ (ಕರ್ನಾಟಕ ತನ್ನದೇ ಕಾಯಿದೆಯನ್ನು 2000ದಲ್ಲೇ ಮಾಡಿತ್ತು) ನಿಧಾನದ್ದಾದರೂ ಮುರಿಯಲು ಕಷ್ಟದ್ದು, ಅರ್ಜಿದಾರರು ಎಲ್ಲೆಲ್ಲೂ ಇರುವುದರಿಂದ.

ಇಷ್ಟರ ಮೇಲೆ, ಹಾಗಾದರೆ ಬ್ಲಾಕ್‌ಚೈನ್ ಒಂದೇ ದಾರಿ ಎನ್ನುವವರಿದ್ದಾರೆ. ಕರ್ನಾಟಕದ್ದೇ ಒಂದು ಪ್ರಕರಣ ಆ ವಾದವನ್ನು ಎರಡೂ ಕಡೆಯಿಂದ ಪರೀಕ್ಷಿಸುತ್ತದೆ. ಟೆಂಡರುಗಳಲ್ಲಿ ಗುತ್ತಿಗೆದಾರರ ಕೂಟವನ್ನು ಮುರಿಯಲೆಂದು ರಾಜ್ಯ ಸರ್ಕಾರ ಇ–ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ನಡೆಸುತ್ತಿತ್ತು. 2019ರಲ್ಲಿ ಅದಕ್ಕೇ ಕನ್ನ ಬಿದ್ದು, ಗುತ್ತಿಗೆದಾರರ ಮುಂಗಡ ಠೇವಣಿಯ 11 ಕೋಟಿಗೂ ಮಿಕ್ಕಿದ ಹಣ ಬೇರೆಡೆಗೆ ಹರಿಯಿತು. ಒಂದೇ ಪೋರ್ಟಲ್ಲು, ಒಂದೇ ಕೀಲಿ. ಆ ಕನ್ನ ಮುಂದೆ 2020–21ರಲ್ಲಿ ಬಿಟ್‌ಕಾಯಿನ್ ಹಗರಣವೆಂದು ಹೆಸರಾದ ಪ್ರಕರಣದ ಭಾಗವಾಯಿತು. ಕೇಂದ್ರವಿಲ್ಲದ ಹಣವೆಂದು ಹೊಗಳಿಸಿಕೊಂಡ ಅದೇ ನಾಣ್ಯದಲ್ಲಿ ಪೊಲೀಸರೂ ರಾಜಕಾರಣಿಗಳೂ ಪಾಲು ಪಡೆದರೆಂಬ ಆರೋಪ ರಾಜ್ಯ ರಾಜಕಾರಣದಲ್ಲಿ ಪ್ರತಿಧ್ವನಿಸಿತು. ನಾಣ್ಯದ ಲೆಕ್ಕವನ್ನು ಯಾರೂ ತಿದ್ದಲಾಗದೆ ಇರಬಹುದು, ಆದರೆ ಕೀಲಿಪದ ಯಾರ ಜೇಬಿನಲ್ಲಿದೆ ಎಂಬುದನ್ನು ಲೆಕ್ಕ ಹೇಳುವುದಿಲ್ಲ. ಸಾಮಾನ್ಯ ಬಳಕೆದಾರ ಬಿಟ್‌ಕಾಯಿನ್ನನ್ನು ಮುಟ್ಟುವುದು ವಿನಿಮಯ ಕಂಪನಿಗಳ ಮೂಲಕ, ಅವು ಬ್ಯಾಂಕಿಗಿಂತ ಕಡಿಮೆ ಕೇಂದ್ರೀಕೃತವಲ್ಲ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಅಂಥ ಕಂಪನಿ ಕುಸಿದಾಗ, 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಆಸ್ತಿ ಕಳವಾದಾಗ, ಗ್ರಾಹಕರಿಗೆ ಹೋಗಿ ಕೇಳಲು ಶಾಖೆಯಿರಲಿಲ್ಲ. ಭೂದಾಖಲೆಯನ್ನು ಬ್ಲಾಕ್‌ಚೈನಿಗೆ ಏರಿಸುವ ಮಾತಿಗೂ ಇದೇ ಆಕ್ಷೇಪ. ತಪ್ಪು ಪಹಣಿಯನ್ನು ಅಳಿಸಲಾಗದ ಕಡತಕ್ಕೆ ಏರಿಸಿದರೆ ತಪ್ಪೇ ಅಮರವಾಗುತ್ತದೆ.

ಯುಪಿಐ ಇನ್ನೂ ಸೂಕ್ಷ್ಮವಾದ ವಿಷಯ. 2016ರಲ್ಲಿ ಬಂದ ಇದು ಮಲ್ಪೆಯ ಮೀನಿನ ಬುಟ್ಟಿಯ ಮೇಲೂ, ಉಡುಪಿಯ ರಥಬೀದಿಯ ಹೂವಿನ ಅಂಗಡಿಯಲ್ಲೂ ಕ್ಯೂಆರ್ ಹಲಗೆಯಾಗಿ ಕೂತಿದೆ. ಹರಡಿದ್ದು ನೋಡಿದರೆ ಇದಕ್ಕಿಂತ ವಿಕೇಂದ್ರಿತ ಬೇರಿಲ್ಲ ಎನಿಸುತ್ತದೆ. ಆದರೆ ಎಲ್ಲ ವಹಿವಾಟೂ ಎನ್‌ಪಿಸಿಐ ಎಂಬ ಒಂದೇ ಸಂಸ್ಥೆಯ ಮೂಲಕ ಹಾಯುತ್ತದೆ, ಅದರಲ್ಲಿ 100ಕ್ಕೆ 80ರಷ್ಟು ಎರಡೇ ಆ್ಯಪ್‌ಗಳಿಂದ ಬರುತ್ತದೆ. ಒಂದು ಆ್ಯಪ್‌ನ ಪಾಲು ಶೇಕಡ 30 ಮೀರಬಾರದೆಂಬ ನಿಯಮದ ಗಡುವನ್ನು ಮತ್ತೆ ಮತ್ತೆ ಮುಂದೂಡಲಾಗಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಕ್ಯೂಆರ್ ಹಲಗೆ ಕಿತ್ತು ‘ನಗದು ಮಾತ್ರ’ ಎಂದು ಬರೆದವು. ತೆರಿಗೆ ಕೊಡಬೇಕಾದವರು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರಿಗೆಯಿಲ್ಲದ ಹಾಲು, ತರಕಾರಿ ಮಾರಿದ್ದೆಷ್ಟು, ಗೆಳೆಯನಿಂದ ಕೈಗಡ ಬಂದದ್ದೆಷ್ಟು ಎಂಬ ವಿವರ ಆ ಲೆಕ್ಕದಲ್ಲಿರಲಿಲ್ಲ. ಲೆಕ್ಕವನ್ನು ಪೂರ್ತಿ ಓದುವ ಸಾಮರ್ಥ್ಯ ಒಂದು ಕಡೆಗೆ ಮಾತ್ರ ಇತ್ತು, ವಿವರಣೆಯ ಹೊರೆ ಇನ್ನೊಂದು ಕಡೆಗೆ. ಕೊನೆಗೆ ಸರ್ಕಾರ ಹಳೆಯ ಬಾಕಿಯ ಒತ್ತಾಯದಿಂದ ಹಿಂದೆ ಸರಿಯಿತು.

ಕಾಪು ತಾಲ್ಲೂಕಿನ ಶಂಕರಪುರದ ಮಲ್ಲಿಗೆ ವ್ಯಾಪಾರದಲ್ಲಿ ಇದೇ ಅಸಮತೆ ಇನ್ನೂ ಸಣ್ಣ ಅಳತೆಯಲ್ಲಿ ಕಾಣಸಿಗುತ್ತದೆ. ಮನೆಯಂಗಳದಲ್ಲಿ ಬೆಳೆದ ಮೊಗ್ಗನ್ನು ಹೆಂಗಸರು ಬೆಳಿಗ್ಗೆಯೇ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರವನ್ನು ಶಂಕರಪುರದ ಕಟ್ಟೆಯಲ್ಲಿ ವ್ಯಾಪಾರಿಗಳು ನಿಗದಿಮಾಡುತ್ತಾರೆ, ಅದು ಕರಾವಳಿಯ ಉದ್ದಕ್ಕೂ ನಡೆಯುತ್ತದೆ. ಮೊದಲು ದರ ತಿಳಿಯಲು ಹೂ ಒಯ್ಯುವವನ ಮಾತು ನಂಬಬೇಕಿತ್ತು, ಈಗ ಮೊಬೈಲಿನಲ್ಲಿ ನಿಮಿಷದೊಳಗೆ ಬರುತ್ತದೆ. ಇದು ಸಣ್ಣ ಲಾಭವಲ್ಲ, ನಡುವಿನವನು ದರ ಇಳಿಸಿ ಹೇಳುವ ಮೋಸಕ್ಕೆ ಎಡೆ ಉಳಿದಿಲ್ಲ. ಆದರೆ ದರ ಕಟ್ಟುವ ಮಾತುಕತೆ ಮೊಬೈಲಿಗೆ ಬಂದಿಲ್ಲ. 2008ರಲ್ಲಿ ಉಡುಪಿ ಮಲ್ಲಿಗೆಗೆ ಸಿಕ್ಕ ಭೌಗೋಳಿಕ ಗುರುತು ಹೆಸರನ್ನು ಕಾಯುತ್ತದೆ, ದರದ ಮೇಲೆ ಬೆಳೆಗಾರರಿಗೆ ಹಿಡಿತ ಕೊಡುವುದಿಲ್ಲ.

ವಿಕೇಂದ್ರೀಕರಣದ ವಿರುದ್ಧ ಅತ್ಯಂತ ಬಲವಾದ ಆಕ್ಷೇಪ ತಂತ್ರಜ್ಞಾನದವರಿಂದ ಬಂದದ್ದಲ್ಲ, ಡಾ. ಬಿ.ಆರ್. ಅಂಬೇಡ್ಕರರಿಂದ ಬಂದದ್ದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಗ್ರಾಮಗಳನ್ನು ಗಣರಾಜ್ಯಗಳೆಂದು ಕೊಂಡಾಡುವವರನ್ನು ಟೀಕಿಸಿ, ಹಳ್ಳಿ ಸಂಕುಚಿತತೆಯ, ಅಜ್ಞಾನದ, ಕೋಮುವಾದದ ಜಾಗವೆಂದರು. ಅಧಿಕಾರ ಕೆಳಗಿಳಿದರೆ ಊರಿನ ಬಲಿಷ್ಠರ ಕೈಗೇ ಹೋಗುತ್ತದೆ ಎಂಬ, ಈ ಟೀಕೆಯಿಂದ ಹೊರಡುವ ಮಾತನ್ನು ಕರಾವಳಿಯ ಧಣಿ–ಒಕ್ಕಲು ಚರಿತ್ರೆ ಅಲ್ಲಗಳೆಯುವುದಿಲ್ಲ. ಮೂಲಗೇಣಿದಾರನಿಗೆ ಒಂದಿಷ್ಟು ಭದ್ರತೆಯಿತ್ತು, ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಗೇಣಿ ಅಳೆದು ಕೊಟ್ಟದ್ದಕ್ಕೆ ರಶೀದಿ ಅನೇಕ ಕಡೆ ಇರಲೇ ಇಲ್ಲ. ಅಂದರೆ ಒಕ್ಕಲಿನ ಕೈಯಲ್ಲಿ ಲೆಕ್ಕದ ಪ್ರತಿ ಇರಲಿಲ್ಲ. ಇದನ್ನು ಮುರಿದದ್ದು ಬೆಂಗಳೂರಿನಲ್ಲಿ ಆದ ಕಾನೂನು. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶವಾದವು. ಆದರೆ ಆ ಕಾನೂನು ಗೆದ್ದದ್ದು ಅದರ ಜಾರಿಯ ಕ್ರಮದಿಂದ. ಮಾಮೂಲಿ ಸಿವಿಲ್ ಕೋರ್ಟಿಗೆ ಬಿಡದೆ ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರ್ ಜೊತೆ ಹೊರಗಿನ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಕಡ್ಡಾಯ. ವಕೀಲರಿಗೆ ಆರಂಭದಲ್ಲಿ ಪ್ರವೇಶವಿರಲಿಲ್ಲ. ಒಕ್ಕಲು ನಮೂನೆ 7 ತುಂಬಿಕೊಟ್ಟರೆ, ರಶೀದಿ ಇಲ್ಲದಿದ್ದರೂ, ಗದ್ದೆಯಲ್ಲಿ ಯಾರು ಉಳುತ್ತಿದ್ದರು ಎಂಬ ನೆರೆಯವರ ಹೇಳಿಕೆ ಸಾಕ್ಷ್ಯವಾಯಿತು. ರಾಜ್ಯದಲ್ಲಿ ಈ ಕಾಯಿದೆ ಹೆಚ್ಚು ಫಲ ಕೊಟ್ಟ ಪ್ರದೇಶಗಳಲ್ಲಿ ಇಂದಿನ ಉಡುಪಿ ಜಿಲ್ಲೆ ಸೇರಿದ ಅಂದಿನ ದಕ್ಷಿಣ ಕನ್ನಡ ಮುಂಚೂಣಿಯಲ್ಲಿತ್ತು. ಹಾಗಾಗಿ ಅಂಬೇಡ್ಕರರ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದೆ ಹೋಗಬಹುದು. ಹಕ್ಕು ಏನೆಂಬುದನ್ನು ಮೇಲಿನಿಂದ, ಊರಿನ ಬಲಿಷ್ಠರಿಗೆ ಬಗ್ಗದೆ ಬರೆಯಬೇಕು. ಆ ಹಕ್ಕು ಸಿಕ್ಕಿತೇ ಎಂಬುದನ್ನು ಗದ್ದೆಯ ಹತ್ತಿರ ಕೂತು ಪರೀಕ್ಷಿಸಬೇಕು. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1987ರಲ್ಲಿ ಚುನಾವಣೆ ಕಂಡ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲೂ ಮಹಿಳೆಯರಿಗೆ, ಪರಿಶಿಷ್ಟರಿಗೆ ಮೀಸಲು ಇಟ್ಟದ್ದು ಈ ತಿಳಿವಳಿಕೆಯಿಂದಲೇ.

ಮೇಲ್ವಿಚಾರಣೆಯ ಯಂತ್ರವನ್ನು ಕೇಂದ್ರದಿಂದ ಇಳಿಸಿ, ಪರೀಕ್ಷೆಯನ್ನು ಕೇಂದ್ರದಲ್ಲೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಉದ್ಯೋಗ ಖಾತ್ರಿಯ ಹಾಜರಿ ಆ್ಯಪ್ ಸಾಕು. 2023ರ ಜನವರಿಯಿಂದ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕಡೆ ದುಡಿದವರ ಹಾಜರಿ ತಪ್ಪಿತು. ಅತ್ತ ಫೋಟೊದ ಫೋಟೊ ತೆಗೆದು ಏರಿಸುವ ಕಳ್ಳದಾರಿಗಳು ಹುಟ್ಟಿಕೊಂಡದ್ದನ್ನು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಒಪ್ಪಿಕೊಂಡಿತು. ಕೂಲಿಕಾರನ ಕೈಯಲ್ಲಿರುವ ಜಾಬ್ ಕಾರ್ಡಿನಲ್ಲಿ ದಿನದಿನದ ಕೆಲಸ ಬರೆದು, ಗ್ರಾಮಸಭೆಯಲ್ಲಿ ಹೆಸರು ಹೆಸರಾಗಿ ಓದಿ ಹೇಳುವ ಸಾಮಾಜಿಕ ಪರಿಶೋಧನೆ ಅಗ್ಗ, ಆದರೆ ಮುಜುಗರದ್ದು. ಅದಕ್ಕೇ ಇರಬೇಕು, ಆ್ಯಪ್‌ಗೆ ಸಿಕ್ಕ ಉತ್ಸಾಹ ಅದಕ್ಕೆ ಸಿಗಲಿಲ್ಲ.

ಹಂಚಿಕೆ ನಿಜವಾಗಿಯೂ ಫಲಿಸಿದ ಒಂದು ಪ್ರಸಂಗ ಲಿಪಿಯದು. ಮಣಿಪಾಲದಲ್ಲಿ ನೆಲೆಸಿ ದುಡಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಕ್ಕೆ ಹೊಂದುವಂತೆ ಕನ್ನಡ ಬೆರಳಚ್ಚಿಸುವ ವಿನ್ಯಾಸ ರೂಪಿಸಿದರು. ಅದಕ್ಕೆ ಬೆಲೆ ಕಟ್ಟದೆ, ಹಕ್ಕು ಕಾಯ್ದಿರಿಸದೆ ಎಲ್ಲರ ಬಳಕೆಗೆ ಬಿಟ್ಟರು. ರಾಜ್ಯ ಸರ್ಕಾರ ಅದನ್ನೇ ಅಧಿಕೃತ ಮಾಡಿತು, ನುಡಿ ತಂತ್ರಾಂಶ ಬಳಸಿತು, ಇಂದು ಫೋನುಗಳಲ್ಲೂ ಅದಿದೆ. ಯಾವ ಕಂಪನಿ ಮುಚ್ಚಿದರೂ ಆ ವಿನ್ಯಾಸ ಸಾಯುವುದಿಲ್ಲ. ಆದರೆ ಅದೇ ಕಾಲದ ಫಾಂಟುಗಳ ಸಂಕೇತ ಯುನಿಕೋಡ್ ಆಗಿರಲಿಲ್ಲ. ಆಗ ಬೆರಳಚ್ಚಿಸಿದ ಸರ್ಕಾರಿ ಕಡತವನ್ನು ಆ ಫಾಂಟಿಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪ್ರತಿ ಕೈಯಲ್ಲಿದ್ದೂ ಓದಲಾಗದ ಸ್ಥಿತಿ ಅದು. ಮಾಹಿತಿ ಹಕ್ಕಿನಡಿ ಸಿಡಿಯಲ್ಲಿ ದಾಖಲೆ ಪಡೆದವರಿಗೆ ಇದರ ಕಷ್ಟ ಗೊತ್ತು.

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿರುವ ಉಡುಪಿ ಉಷ್ಣವಿದ್ಯುತ್ ಸ್ಥಾವರ ಈ ಚರ್ಚೆಯನ್ನು ನೆಲಕ್ಕೆ ತರುತ್ತದೆ. 600 ಮೆಗಾವಾಟ್‌ನ ಎರಡು ಘಟಕಗಳು, ನವಮಂಗಳೂರು ಬಂದರಿನಿಂದ ಬರುವ ವಿದೇಶಿ ಕಲ್ಲಿದ್ದಲು. ಲ್ಯಾಂಕೊ ಕಟ್ಟಿದ್ದನ್ನು 2015ರಲ್ಲಿ ಅದಾನಿ ಸಮೂಹ ಕೊಂಡಿತು. ಬೂದಿ, ಉಪ್ಪಿನ ತುಂತುರಿನಿಂದ ಬೆಳೆ ಹಾಳಾಗುತ್ತಿದೆ ಎಂದು ನಂದಿಕೂರು ಜನಜಾಗೃತಿ ಸಮಿತಿ ವರ್ಷಗಟ್ಟಲೆ ಹೋರಾಡಿತು. ದೊಡ್ಡ ಮಾಲಿನ್ಯಕಾರಿ ಉದ್ಯಮಗಳು ಚಿಮಣಿಯಲ್ಲಿ ನಿರಂತರ ಮಾಪಕ ಇಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂಕಿ ಕಳಿಸಬೇಕೆಂಬ ನಿರ್ದೇಶನ 2014ರಲ್ಲೇ ಬಂದಿದೆ. ಆದರೆ ಮಾಪಕ ಕಂಪನಿಯದು, ಅಂಕಿ ಮಂಡಳಿಯದು, ಗಿಡ ಮಾತ್ರ ರೈತನದು. 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು ಹೊರಗಿನ ತಜ್ಞರ ಸಮಿತಿಯ ಅಂದಾಜನ್ನು ತಂದುಕೊಂಡ ಮೇಲೆ. ಸ್ಥಾವರದ ಬದಲು ಮನೆಮನೆಯ ಚಾವಣಿಯಲ್ಲಿ ಸೌರ ಫಲಕ ಎಂಬುದು ಸುಲಭವಾಗಿ ಹೊಳೆಯುವ ಉತ್ತರ. ರಾತ್ರಿಯ ಮತ್ತು ಕಾರ್ಖಾನೆಗಳ ಬೇಡಿಕೆಗೆ ಅದೊಂದೇ ಸಾಲದು ಎಂಬ ಎಂಜಿನಿಯರುಗಳ ಆಕ್ಷೇಪ ಸರಿಯಾದದ್ದೇ. ಕರಾವಳಿಯ ನಾಲ್ಕು ತಿಂಗಳ ಮಳೆ ಅದನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಆದರೂ ಫಲಕದ ಮನೆಗೆ ಒಂದು ಅನುಕೂಲವಿದೆ. ಗೋಡೆಯ ಮೇಲಿನ ಮೀಟರು ಎಷ್ಟು ಯೂನಿಟ್ ಬಂತು, ಎಷ್ಟು ಹೋಯಿತು ಎಂಬುದನ್ನು ಎರಡು ಅಂಕಿಗಳಲ್ಲಿ ಮನೆಯವರಿಗೇ ತೋರಿಸುತ್ತದೆ, ವಿದ್ಯುತ್ ವಿತರಿಸುವ ಮೆಸ್ಕಾಂ ಕಂಪನಿಯ ಬಿಲ್ಲಿನೊಂದಿಗೆ ತಾಳೆ ನೋಡಬಹುದು. ಬೆಲೆ ಮಾತ್ರ ಅವರ ಕೈಯಲ್ಲಿಲ್ಲ. 2013ರಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿಮಾಡಿತ್ತು. 2016ರಲ್ಲಿ ಅದನ್ನು ಗಣನೀಯವಾಗಿ ಇಳಿಸಿತು. ಹಳೆಯ ದರ ಲೆಕ್ಕಹಾಕಿ ಸಾಲ ಮಾಡಲು ಹೊರಟಿದ್ದವರ ಎಣಿಕೆ ತಲೆಕೆಳಗಾಯಿತು. ಆಯೋಗ ದರ ಪರಿಷ್ಕರಿಸುವ ಮುನ್ನ ಮೆಸ್ಕಾಂ ಬಳಕೆದಾರರಿಗಾಗಿ ಮಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು, ಕಂಪನಿ ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕು, ಆಯೋಗ ಎರಡನ್ನೂ ತನ್ನ ಆದೇಶದಲ್ಲಿ ದಾಖಲಿಸಬೇಕು. ಉಡುಪಿ ಜಿಲ್ಲೆಯ ರೈತ ಸಂಘಟನೆಗಳು ಆ ಅವಕಾಶವನ್ನು ಬಳಸಿಕೊಳ್ಳುತ್ತ ಬಂದಿವೆ.